ಮೂರನೇ ತಿರುವಿಗೆ ನೀರು

ಹೋದ ವರ್ಷ ಯಾರು ಗೆದ್ದರು ಅನ್ನೂದು
ಈಗಲೂ ಯಾರಿಗೂ ಖಾತ್ರಿ ಇಲ್ಲ.
ಹನ್ನೊಂದು ಬೈಕು ಧೂಳಿನೊಳಗ ಹೋದವು,
ಒಂಬತ್ತು ಹೊರಗ ಬಂದವು,
ಉಳಿದೆರಡು ಬಂದದ್ದು ಬದನೀಕಾಯಿ ಹೊಲದಿಂದ.
ಬಾವುಟ ಹಿಡಿದ ಪಿ.ಟಿ. ಮಾಸ್ತರು ಹಲಗೇರಿಯವರು
ಸೀನಿಕೋಂತ ಬೀಸಿದರು,
ಯಾರಿಗೆ ಬೀಸಿದೆನೋ ನನಗ ತಿಳೀಲಿಲ್ಲಪ ಅಂದರು.
ಗಿರ್ಮಿಟ್ ಪೊಟ್ಟಣದಾಗ ಚುರಮುರಿಗಿಂತ ಮಣ್ಣ ಜಾಸ್ತಿ.
ಮೂರನೇ ಸುತ್ತಿಗೇ ಮಂದಿ ಎದ್ದು
ಧೋತರ ಝಾಡಿಸಿ ಬೆಟಗೇರಿ ಹಾದಿ ಹಿಡಿದರು.

ಹಿಂಗಾಗಿ ಈ ವರ್ಷ ನನ್ನ ಕರೆಸಿದರು.
ನಾ ರೇಸಿನಾಂವ ಅಲ್ಲ, ಟ್ಯಾಂಕರಿನಾಂವ.
ಮದುವಿಗೆ, ಸ್ಲ್ಯಾಬಿಗೆ, ನಳ ಬರದ ಓಣಿಗೆ
ನೀರು ಹೊತ್ತು ತಿರಗಾಂವ.
ಗ್ಯಾರೇಜಿನ ಅಮೀನುದ್ದೀನ ಗಲ್ಲಾ ತೆರೆದು ತೋರಿಸಿದ:
"ಡೀಸೆಲ್ಲಿಗೆ ಇಷ್ಟ ಐತಿ.
ನಿನ್ನ ಪಗಾರ, ಕಪ್ಪು ತಂದ ಮ್ಯಾಲ ಉಳಿದರ ನೋಡೂಣು."

ಒಂದು ಮಾತು ಹೇಳಿಬಿಡತೀನಿ.
ಕುಡಿಯೂ ನೀರು ಒಂದು ಹನಿ ಸುರಿದಿಲ್ಲ.
ಹಳೇ ಕಲ್ಲಿನ ಖಣಿಯಾಗ ನಿಂತ ಹಸಿರು ನೀರು ಅದು,
ಎಮ್ಮಿ ಸುದ್ದಾ ಮೂಸಿ ನೋಡಿ ಹಿಂದ ಸರಿಯೂವಂಥದ್ದು.
ಆದರೂ ಕೊಡ ಹಿಡಿದು ನಿಂತ ಹೆಣ್ಣಮಕ್ಕಳ ಮುಂದ
ತುಂಬಿದ ಟ್ಯಾಂಕರ್ ನಿಲ್ಲಿಸದ ಹಾಯ್ದು ಹೋಗೂದು
ಹಗರು ಕೆಲಸ ಅಲ್ಲ.
ನಸುಕಿನ ಮೂರಕ್ಕ ಹೊಂಟೆ, ಲೈಟು ಆರಿಸಿ, ಕಳ್ಳನಂಗ.

ಮೊದಲನೇ ದಿನ ಎರಡು ಟ್ಯಾಂಕರ್ ಹೊಡೆದೆ.
ಯರಿಮಣ್ಣು. ಗೊತ್ತಲ್ಲ.
ಮೈಲಾರಿಯ ಬೈಕು ಮೂರನೇ ತಿರುವಿನಾಗ
ಗಾಲಿತನಕ ಹೂತು ನಿಂತಿತು.
ಇಳಿದು ಎಳೆಯಾಕ ಹೋದರ
ಬಲಗಾಲಿನ ಬೂಟು ಅಲ್ಲೇ ಉಳೀತು,
ಕಾಲು ಅಷ್ಟ ಹೊರಗ ಬಂತು.

ಬಾಜೂಕ ಇಟ್ಟಂಗಿ ಭಟ್ಟಿ.
ಅಚ್ಚು ಹೊಡೀತಿದ್ದ ಹಾಲವ್ವ
ಮಣಕಾಲತನಾ ಕೆಸರು ಮೆತ್ತಿಕೊಂಡ ಬಂದಳು,
ಬಗ್ಗಿ ಒಂದು ಮುಷ್ಟಿ ಮಣ್ಣು ಹಿಚುಕಿದಳು,
ಹೆಬ್ಬೆರಳಿಲೆ ಒತ್ತಿದಳು.
"ನೀರು ಹೊಡದಿಯೋ, ಸಿಟ್ಟು ತೀರಿಸಿಕೊಂಡಿಯೋ?
ಹಸೀ ಇದ್ದರ ಕಾಲು ಬಿಡೂದಿಲ್ಲ,
ಒಣಗಿದರ ಕೈಗೆ ಸಿಗೂದಿಲ್ಲ ಇದು.
ಮಸಾರಿ ಬೆರಸು, ಭಟ್ಟಿ ಬೂದಿ ಬೆರಸು.
ಸಂಜಿಗೆ ನೀರು ಚಿಮಕಿಸು, ರಾತ್ರಿಯೆಲ್ಲಾ ಬಿಡು.
ಮಣ್ಣು ಉಸಿರು ತಗೋಬೇಕು.
ಹೊತ್ತು ಏರೂ ಮುಂದ ರೋಲರ್ ಹಾಯಿಸು.
ಮುಷ್ಟಿಯಾಗ ನಿಲ್ಲಬೇಕು, ಹೆಬ್ಬೆರಳಿಗೆ ಒಡೀಬೇಕು."
ಇಷ್ಟು ಹೇಳಿ ಹೋದಳು. ಆಕಿ ದಿನಗೂಲಿ
ಸಾವಿರ ಇಟ್ಟಂಗಿಯ ಲೆಕ್ಕಕ್ಕ.

ಹದಿನಾರು ಟ್ರ್ಯಾಲಿ ಮಸಾರಿ ಬಂತು.
ಬಳ್ಳಾರಿ ಜಾಲಿ ಕಡಿದರು,
ಹಳೇ ಟೈರಿಗೆ ಸುಣ್ಣ ಬಳಿದು ಅಂಚಿಗೆ ನೆಟ್ಟರು.
ಪೋಸ್ಟರಿನಾಗ 'ಧೂಳಿಲ್ಲದ ರೇಸು' ಅಂತ ಬರೆಸಿದ್ದೆವು,
ಪ್ರೆಸ್ಸಿನಾಂವ 'ಧೂಳಿನ ರೇಸು' ಅಂತ ಹೊಡೆದ.
ತಿದ್ದಲಿಕ್ಕೆ ರೊಕ್ಕ ಇರಲಿಲ್ಲ, ಹಂಗ ಹಚ್ಚಿದೆವು.
ಎಪಿಎಂಸಿ ಗೋಡಿ, ಬಸ್ ಸ್ಟ್ಯಾಂಡಿನ ಮೂತ್ರಿ,
ಹಜಾಮತಿ ಅಂಗಡಿಯ ಕನ್ನಡಿ ಬಾಜೂಕ.
ಹಲಗೇರಿ ಮಾಸ್ತರು ಮೂರು ದಿನ ಆಟೋದಾಗ ಕುಂತು
ಮೈಕಿನಾಗ ಶಾಲಿ ಹಾಜರಿ ಕರದಂಗ
ಒಬ್ಬೊಬ್ಬ ಹುಡುಗನ ಹೆಸರು ಕರೆದರು.
ತಾಯಂದಿರು ಹೊಸ್ತಿಲಕ್ಕ ಬಂದು ನಿಂತು ಕೇಳಿದರು.

ರವಿವಾರ.
ಟ್ರ್ಯಾಕ್ಟರ್ ಮ್ಯಾಲೆ ಮಂದಿ, ಭಟ್ಟಿಯ ಕುಪ್ಪಿ ಮ್ಯಾಲೆ ಮಂದಿ.
ಬಾವುಟ ಬಿತ್ತು.
ಹದಿನಾಲ್ಕು ಬೈಕು ಒಮ್ಮೆಲೆ ವಾಲಿದವು,
ಹಿಂದಿನ ಗಾಲಿ ಅಡ್ಡ ಜಾರಿ
ಮಣ್ಣಿನ ಮ್ಯಾಲೆ ಕುಡಗೋಲಿನಂಥ ಗೆರಿ ಎಳೆದವು,
ಮತ್ತ ಹೆಲ್ಮೆಟ್ಟಿನ ನಂಬರು ಕಾಣ್ತಿತ್ತು.
ಕಾಣ್ತಿತ್ತು!
"ಏಳ! ಏಳ!" ಅಂತ ಮುದುಕರು ಒದರಿದರು.

ನಾನೂ ಹಾಲವ್ವನೂ ಅಷ್ಟ ಬೈಕು ನೋಡಲಿಲ್ಲ.
ಮೂರನೇ ತಿರುವಿನ ಕಟ್ಟಿಗೆ ನಿಂತು
ನೆಲ ನೋಡಿದೆವು.
ನಾಕನೇ ಸುತ್ತು. ಐದನೇದು. ಬಿರುಕು ಬಿಡಲಿಲ್ಲ.
ಕಡೀ ಸುತ್ತಿನಾಗ ಮೈಲಾರಿ ಗಾಲಿಯಿಂದ
ಒಂದು ಹಸೀ ಹೆಂಟಿ ಹಾರಿ ಬಂದು
ಆಕಿ ಗಲ್ಲಕ್ಕ ಬಡೀತು.
ಒರಸಿಕೊಳ್ಳಲಿಲ್ಲ. ಕಿತ್ತು ಬೆರಳಾಗ ಹಿಡಿದು
ಹಿಚುಕಿ, ಹೆಬ್ಬೆರಳಿಲೆ ಒತ್ತಿ,

"ಒಂದೀಟು ಬಿಗಿ ಆತು," ಅಂದ್ಳು,
"ಬರೂ ವರ್ಷ ಈ ಮೂಲ್ಯಾಗ
ಎರಡು ಕೊಡ ಜಾಸ್ತಿ ಹಾಕು."